ಪ್ರೋಮೋದಲ್ಲಿ ಕಂಡ ಹಡಗು ಧಾರಾವಾಹಿಯಲ್ಲಿ ಬರುವುದೇ?

ಪ್ರಶ್ನೆ: ನಮ್ಮ ಮನೆ ಬ್ರಹ್ಮಾವರದ ಹತ್ತಿರ. ನನ್ನ ತಾಯಿಗೆ 72 ವರ್ಷ, ಅವರ ತವರು ಉಳ್ಳಾಲದ ಕಡೆ. ಪೋರ್ಚುಗೀಸರ ಕಾಲದ ಕರಾವಳಿಯ ರಾಣಿಯೊಬ್ಬಳ ಕಥೆ ಎನ್ನುವ ಧಾರಾವಾಹಿಯೊಂದರ ಪ್ರೋಮೋ ಮೂರು ವಾರಗಳಿಂದ ಫೋನಿನಲ್ಲಿ ಓಡಾಡುತ್ತಿದೆ. ಒಂದೂವರೆ ನಿಮಿಷದಲ್ಲಿ ಉರಿಯುವ ಹಡಗು, ಕುದುರೆಯ ಮೇಲೆ ಕತ್ತಿ ಎತ್ತಿದ ರಾಣಿ, ಹಿಂದೆ ಕಡಲು. ಅಮ್ಮ ದಿನಕ್ಕೆ ಹತ್ತು ಸಲ ನೋಡುತ್ತಾರೆ. "ಇದು ನಮ್ಮ ಅಬ್ಬಕ್ಕನೇ" ಎಂದು ನೆಂಟರಿಗೆಲ್ಲ ಫೋನು ಮಾಡಿ ಹೇಳಿದ್ದಾರೆ. ಮಣಿಪಾಲದಲ್ಲಿ ಓದುತ್ತಿರುವ ಮಗನ ಪ್ರಕಾರ ಎಲ್ಲವೂ ಗ್ರಾಫಿಕ್ಸ್, ತಿಂಗಳು ಕಳೆದರೆ ಅರಮನೆಯಲ್ಲಿ ಅತ್ತೆ-ಸೊಸೆ ಜಗಳ. ನನ್ನ ಭಾವ ಪ್ರೋಮೋವನ್ನು ನಿಲ್ಲಿಸಿ ನಿಲ್ಲಿಸಿ ನೋಡಿ, ಹಂಚಿನ ಮನೆಗಳಿವೆ, ತುಳು ಒಂದು ಶಬ್ದವೂ ಇಲ್ಲ, ದೂರು ಕೊಡಲೇಬೇಕು ಎನ್ನುತ್ತಾರೆ. ಆ ವಾಹಿನಿ ನಮ್ಮ ಪ್ಯಾಕಿನಲ್ಲಿ ಇಲ್ಲ. ವರ್ಷದ ಪ್ಯಾಕ್ ಹಾಕಿಸು ಎಂದು ಅಮ್ಮನ ಒತ್ತಾಯ. ಹಿಂದೊಮ್ಮೆ ಹೀಗೆಯೇ ಪ್ರೋಮೋ ನಂಬಿ ಕಾದು, ಧಾರಾವಾಹಿ ಶುರುವಾಗಿ ತಿಂಗಳೊಳಗೆ ಅಮ್ಮ ನೋಡುವುದನ್ನೇ ಬಿಟ್ಟರು. ಈ ಸಲ ಅವರ ಉತ್ಸಾಹಕ್ಕೆ ತಣ್ಣೀರೆರಚಬೇಕೇ, ಸುಮ್ಮನಿರಬೇಕೇ?

ಉತ್ತರ: ಮೇಲ್ನೋಟಕ್ಕೆ ಇದು ಪ್ಯಾಕ್ ಹಾಕಿಸಬೇಕೇ ಬೇಡವೇ ಎಂಬ ಪ್ರಶ್ನೆಯಾದರೂ, ತಮ್ಮ ತವರಿನ ಕಥೆ ಕೊನೆಗೂ ಟಿವಿಗೆ ಬಂತೆಂದು ಹಿಗ್ಗಿರುವ ತಾಯಿ ಇನ್ನೊಮ್ಮೆ ಸಪ್ಪೆ ಮುಖ ಮಾಡಿಕೊಂಡು ರಿಮೋಟ್ ಕೆಳಗಿಡುವುದನ್ನು ನೋಡಲಾರೆ ಎಂಬ ಅಳುಕು ನಿಮ್ಮ ಪತ್ರದ ಒಳಗಿದೆ. ನಾನು ಹದಿನಾಲ್ಕು ವರ್ಷ ಬೆಂಗಳೂರಿನಲ್ಲಿ ವಾಹಿನಿಗಳ ಪ್ರೋಮೋ ಎಡಿಟ್ ಮಾಡಿದವನು, ಆಮೇಲೆ ಎರಡು ಐತಿಹಾಸಿಕ ಧಾರಾವಾಹಿಗಳ ಕಥಾ ತಂಡದಲ್ಲಿ ಕೂತವನು, ಈಗ ಮಂಗಳೂರಿನಲ್ಲಿದ್ದೇನೆ. ವಾಹಿನಿಯ ಹೆಸರನ್ನೂ ಧಾರಾವಾಹಿಯ ಹೆಸರನ್ನೂ ನಿಮ್ಮ ಪತ್ರದಿಂದ ತೆಗೆದಿದ್ದೇನೆ, ಏಕೆಂದರೆ ಇನ್ನೂ ಪ್ರಸಾರವಾಗದ ಧಾರಾವಾಹಿಯ ಮೇಲೆ ತೀರ್ಪು ಕೊಡುವುದು ನ್ಯಾಯವಲ್ಲ. ಪ್ರೋಮೋವನ್ನು ಮಾತ್ರ ನೋಡಿದ್ದೇನೆ. ಹತ್ತು ಸಲ ಅಲ್ಲ, ಆದರೆ ನಾಲ್ಕು ಸಲ ನೋಡಿದ್ದು ನಿಜ.

ಪ್ರೋಮೋ ಎಂದರೆ ಧಾರಾವಾಹಿಯಿಂದ ಆಯ್ದ ಒಳ್ಳೆಯ ದೃಶ್ಯಗಳು ಎಂದು ಹೆಚ್ಚಿನವರು ತಿಳಿದಿದ್ದಾರೆ. ಸಿನಿಮಾದ ಟ್ರೇಲರ್ ಮಟ್ಟಿಗೆ ಆ ಮಾತು ಬಹುಪಾಲು ಸರಿ, ಏಕೆಂದರೆ ಅದನ್ನು ತಯಾರಿಸುವ ಹೊತ್ತಿಗೆ ಚಿತ್ರೀಕರಣ ಸಾಮಾನ್ಯವಾಗಿ ಮುಗಿದಿರುತ್ತದೆ. ದಿನವೂ ಬರುವ ಧಾರಾವಾಹಿಯ ಮೊದಲ ಪ್ರೋಮೋ ಹಾಗಲ್ಲ. ಅದು ತೆರೆಗೆ ಬರುವಾಗ ಅನೇಕ ಸಲ ಧಾರಾವಾಹಿ ಎಂಬುದೇ ಇರುವುದಿಲ್ಲ. ಕಥೆಯ ಒಂದು ಎಳೆ, ಮುಖ್ಯ ಪಾತ್ರಧಾರಿ ಮತ್ತು ಪ್ರಸಾರದ ಸಮಯ ನಿಶ್ಚಯವಾಗುತ್ತಿದ್ದಂತೆ ಪ್ರೋಮೋಕ್ಕೆಂದೇ ಎರಡು ಮೂರು ದಿನ ಬೇರೆ ಚಿತ್ರೀಕರಣ ನಡೆಯುತ್ತದೆ. ಅದಕ್ಕೆ ಬೇರೆ ನಿರ್ದೇಶಕ, ಬೇರೆ ಕ್ಯಾಮೆರಾ ತಂಡ, ಬೇರೆ ಖರ್ಚು. ಒಮ್ಮೆ ನಾನು ಎಡಿಟ್ ಮಾಡಿದ ಪ್ರೋಮೋದಲ್ಲಿ ಬಂದರಿಗೆ ಹಡಗೊಂದು ಬಂದು ನಿಲ್ಲುವ ದೃಶ್ಯವಿತ್ತು, ಊರೆಲ್ಲ ಅದನ್ನೇ ಮಾತಾಡಿತು. ಆ ಹಡಗು ನಾವು ಕಟ್ಟಿದ್ದಾಗಿರಲಿಲ್ಲ, ಹಣ ಕೊಟ್ಟು ತಂದ ಸಿದ್ಧ ತುಣುಕಾಗಿತ್ತು. ಧಾರಾವಾಹಿ ನಾನೂರು ಚಿಲ್ಲರೆ ಕಂತು ಓಡಿದರೂ ಅದು ಮತ್ತೆ ಬರಲೇ ಇಲ್ಲ, "ಹಡಗು ಬಂತಂತೆ" ಎಂದು ಪಾತ್ರಗಳು ಪರಸ್ಪರ ಹೇಳಿಕೊಂಡವು, ಅಷ್ಟೇ.

ಇದನ್ನು ಮೋಸ ಎನ್ನಲು ನನಗೆ ಮನಸ್ಸು ಬರುವುದಿಲ್ಲ. ಯಕ್ಷಗಾನದ ಆಟಕ್ಕೆ ಮೊದಲು ಬಾರಿಸುವ ಕೇಳಿಯನ್ನು ನೀವು ಬಲ್ಲಿರಿ. ಚೆಂಡೆಯ ಸದ್ದು ಗದ್ದೆ ದಾಟಿ ಪಕ್ಕದ ಊರಿನವರನ್ನು ಎಬ್ಬಿಸಿ ಕರೆಯುತ್ತದೆ. ಇಂದಿನ ಪ್ರಸಂಗ ಯಾವುದು, ಭಾಗವತರ ಕಂಠ ಹೇಗಿದೆ ಎಂಬುದನ್ನು ಅದು ಹೇಳುವುದಿಲ್ಲ, ಹೇಳಬೇಕಾಗಿಯೂ ಇಲ್ಲ. ಪ್ರೋಮೋ ಕೂಡ ಕೇಳಿಯೇ, ಆದರೆ ತಾನೇ ಪ್ರಸಂಗ ಎಂಬಂತೆ ನಟಿಸುವ ಕೇಳಿ. ನಿಮ್ಮ ತಾಯಿಯವರಿಗೆ ಹಿಂದಿನ ಸಲ ಆದ ನಿರಾಸೆಯ ಮೂಲ ಈ ನಟನೆಯಲ್ಲಿದೆ.

ಇನ್ನು ಮಗನ ಮಾತು. ಎಲ್ಲವೂ ಗ್ರಾಫಿಕ್ಸ್ ಎಂಬುದು ಪ್ರೋಮೋದ ಮಟ್ಟಿಗೆ ಅರ್ಧ ನಿಜ. ಧಾರಾವಾಹಿಯ ತೊಂದರೆಯಾದರೋ ಗ್ರಾಫಿಕ್ಸ್ ಹೆಚ್ಚಾಗಿರುವುದಲ್ಲ, ಅದಕ್ಕೆ ಸಮಯವೇ ಇಲ್ಲದಿರುವುದು. ಲೆಕ್ಕ ನೋಡಿ: ಕೇಬಲ್ ಟಿವಿ ನಿಯಮದ ಪ್ರಕಾರ ಗಂಟೆಗೆ ಜಾಹೀರಾತು 12 ನಿಮಿಷ ಮೀರುವಂತಿಲ್ಲ, ಅದರಲ್ಲಿ 10 ನಿಮಿಷ ವ್ಯಾಪಾರಿ ಜಾಹೀರಾತು, 2 ನಿಮಿಷ ವಾಹಿನಿಯ ಸ್ವಂತ ಪ್ರಚಾರ. ಹೀಗೆ ಅರ್ಧ ಗಂಟೆಯ ಕಂತಿನಲ್ಲಿ ಕಥೆಗೆ ಉಳಿಯುವುದು 24 ನಿಮಿಷದ ಆಸುಪಾಸು. ಇಂಥ ಐದಾರು ಕಂತುಗಳು ವಾರ ವಾರವೂ ಬೇಕು, ಅಂದರೆ ದಿನಕ್ಕೆ ಹೆಚ್ಚುಕಡಿಮೆ ಒಂದು ಕಂತಿನಷ್ಟು ಚಿತ್ರೀಕರಣ ಮುಗಿಯಲೇಬೇಕು. ಸಿನಿಮಾದವರು ಇಡೀ ದಿನದಲ್ಲಿ ಎರಡು ಮೂರು ನಿಮಿಷ ತೆಗೆದರೆ ಒಳ್ಳೆಯ ಕೆಲಸವಾಯಿತು ಎಂದುಕೊಳ್ಳುತ್ತಾರೆ. ಪ್ರಸಾರಕ್ಕೆ ಮೊದಲು ಕೆಲವು ವಾರಗಳ ಕಂತುಗಳನ್ನು ತೆಗೆದು ಇಟ್ಟುಕೊಳ್ಳುವುದುಂಟು, ಇದನ್ನು ನಮ್ಮವರು ಬ್ಯಾಂಕಿಂಗ್ ಎನ್ನುತ್ತಾರೆ. ಆ ಬ್ಯಾಂಕು ಖಾಲಿಯಾಗುವವರೆಗೆ ಕುದುರೆಯೂ ಇರುತ್ತದೆ, ಕಡಲೂ ಇರುತ್ತದೆ. ಖಾಲಿಯಾದ ಮೇಲೆ ಹೊರಾಂಗಣ ಎಂದರೆ ಎಲ್ಲರಿಗೂ ಭಯ. ಮಳೆ ಬಂದರೆ ಒಂದು ದಿನ ಹೋಯಿತು, ಕುದುರೆ ಬೆದರಿದರೆ ಅರ್ಧ ದಿನ ಹೋಯಿತು. ಒಮ್ಮೆ ಕಟ್ಟಿದ ಅರಮನೆಯ ಸೆಟ್ ಮಾತ್ರ ಮಳೆ ಬಂದರೂ ಬಿಸಿಲು ಬಂದರೂ ಅಲ್ಲೇ ನಿಂತಿರುತ್ತದೆ. ಕಥೆ ಅರಮನೆಯ ಒಳಗೆ ಹೋಗುವುದು ಬರಹಗಾರರಿಗೆ ಜಗಳದ ಮೇಲೆ ಪ್ರೀತಿ ಎಂಬ ಕಾರಣಕ್ಕಲ್ಲ, ಈ ಲೆಕ್ಕದ ಕಾರಣಕ್ಕೆ. ಅದರ ಮೇಲೆ ಪ್ರತಿ ಗುರುವಾರ, ಯಾವ ಕಾರ್ಯಕ್ರಮವನ್ನು ಎಷ್ಟು ಜನ ನೋಡಿದರು ಎಂದು ಅಳೆಯುವ ಬಾರ್ಕ್ ಸಂಸ್ಥೆಯ ಅಂಕಿಗಳು ಬರುತ್ತವೆ. ಯುದ್ಧ ತೋರಿಸಿದ ವಾರಕ್ಕಿಂತ ಅಕ್ಕ ತಂಗಿಯರು ಎದುರುಬದುರು ನಿಂತ ವಾರಕ್ಕೆ ಅಂಕಿ ಜಾಸ್ತಿ ಬಂದರೆ ಮುಂದಿನ ವಾರದ ಕಥೆ ಯಾರ ಕೈಯಲ್ಲಿದೆ ಎಂದು ಬೇರೆ ಹೇಳಬೇಕಾಗಿಲ್ಲ.

ಆದರೆ ಈ ಕಥೆಯ ಮಟ್ಟಿಗೆ ನಿಮ್ಮ ಮಗನಿಗೆ ಒಂದು ಮಾತು ಹೇಳಬೇಕು. ಅರಮನೆಯ ಒಳಗಿನ ಜಗಳ ಬಂದ ಮಾತ್ರಕ್ಕೆ ಇತಿಹಾಸ ಕೆಟ್ಟಿತು ಎಂದು ತಿಳಿಯಬಾರದು, ಏಕೆಂದರೆ ಅಬ್ಬಕ್ಕನ ಕಥೆಯ ಬೇರು ಇರುವುದೇ ಅರಮನೆಯ ಒಳಗಿನ ಜಗಳದಲ್ಲಿ. ಆಕೆ ಹುಟ್ಟಿದ ಚೌಟರದ್ದು ಜೈನ ಮನೆತನ, ಅಳಿಯಸಂತಾನದ ಕಟ್ಟು. ಅಧಿಕಾರ ಹರಿಯುವುದು ಮಾವನಿಂದ ಸೋದರಿಯ ಮಕ್ಕಳಿಗೆ. ಉಳ್ಳಾಲದ ರಾಣಿಗೆ ಮಂಗಳೂರಿನ ಬಂಗ ಅರಸನೊಂದಿಗೆ ಮದುವೆಯಾಗಿ, ಸಂಬಂಧ ಮುರಿದು, ಗಂಡ ಕೊಟ್ಟ ಒಡವೆಗಳನ್ನು ಆಕೆ ಹಿಂದಕ್ಕೆ ಕಳಿಸಿದಳು ಎಂಬ ಮಾತು ನಮ್ಮ ಕಡೆ ಬಾಯಿಂದ ಬಾಯಿಗೆ ಬಂದದ್ದು ಮಾತ್ರವಲ್ಲ, ಆ ಕಾಲದಲ್ಲಿ ಇಲ್ಲಿಗೆ ಬಂದ ಪ್ರವಾಸಿಯ ಬರಹದಲ್ಲೂ ಇದೆ. ಬಂಗರು ಪೋರ್ಚುಗೀಸರ ಕಡೆ, ಅಬ್ಬಕ್ಕನ ಬೆನ್ನಿಗೆ ಕೆಳದಿಯ ವೆಂಕಟಪ್ಪ ನಾಯಕ. ಗಂಡ ಹೆಂಡಿರ ವಿರಸ ಕಡಲಿನ ಯುದ್ಧವಾಗಿ ಬೆಳೆದ ಕಥೆ ಇದು. ಒಳ್ಳೆಯ ಬರಹಗಾರನಿಗೆ ಒಂದು ಕುದುರೆಯೂ ಇಲ್ಲದೆ ನೂರು ಕಂತು ಬರೆಯಲು ಇಷ್ಟು ಸಾಕು.

ಹಾಗಾಗಿ ಧಾರಾವಾಹಿ ಶುರುವಾದ ಮೇಲೆ ನಾನು ಕಣ್ಣಿಟ್ಟು ನೋಡುವುದು ಒಂದೇ ಸಂಗತಿಯನ್ನು: ರಾಣಿಯನ್ನು ಗದರಿಸುವ ಅತ್ತೆಯೊಬ್ಬಳು ಅರಮನೆಗೆ ಬರುತ್ತಾಳೆಯೇ? ಬಂದರೆ ಕಥೆ ಬರೆಯುವವರಿಗೆ ಅಳಿಯಸಂತಾನ ಎಂದರೇನೆಂದೇ ಗೊತ್ತಿಲ್ಲ ಎಂದರ್ಥ. ತನ್ನದೇ ಕುಟುಂಬದ ಮನೆಯಲ್ಲಿ, ತನ್ನದೇ ಹಕ್ಕಿನ ಪಟ್ಟದಲ್ಲಿ ಕೂತ ಹೆಣ್ಣನ್ನು ಯಾರದೋ ಮನೆ ಸೇರಿದ ಸೊಸೆಯನ್ನಾಗಿ ಮಾಡಿದರೆ ಅದು ಹಂಚಿಗಿಂತ ನೂರು ಪಾಲು ದೊಡ್ಡ ತಪ್ಪು.

ಹಂಚಿನ ವಿಷಯದಲ್ಲಿ ನಿಮ್ಮ ಭಾವನವರ ಕಣ್ಣು ಚುರುಕಾಗಿದೆ ಎಂದು ಒಪ್ಪಲೇಬೇಕು. ನಾವು ಮಂಗಳೂರು ಹಂಚು ಎನ್ನುವುದು ಬಾಸೆಲ್ ಮಿಷನ್ನಿನವರು 1865ರಲ್ಲಿ ಜೆಪ್ಪುವಿನಲ್ಲಿ ಕಾರ್ಖಾನೆ ಹಾಕಿದ ನಂತರದ ಮಾತು. 16ನೇ ಶತಮಾನದ ಸಾಮಾನ್ಯ ಮನೆಗೆ ಮುಳಿಹುಲ್ಲಿನ ಮಾಡೇ ಸಹಜ. ಪ್ರೋಮೋದಲ್ಲಿ ಕಂಡ ಮಾಡು ಯಾವುದೋ ಹಳೆಯ ಗುತ್ತಿನ ಮನೆಯದ್ದಿರಬೇಕು. ಎರಡು ದಿನದ ಚಿತ್ರೀಕರಣಕ್ಕೆ ಮುಳಿಹುಲ್ಲು ಹೊದಿಸುವವರನ್ನು ಎಲ್ಲಿಂದ ಹುಡುಕುವುದು? ಭಾಷೆಯ ಬಗ್ಗೆ ಮಾತ್ರ ಅವರ ಮಾತನ್ನು ಸ್ವಲ್ಪ ತಿದ್ದುತ್ತೇನೆ. ಮನೆಮಾತು ತುಳುವೇ ಇದ್ದಿರಬೇಕು, ಆದರೆ ನಮ್ಮ ಕರಾವಳಿಯ ಹಳೆಯ ಶಾಸನಗಳನ್ನು ನೋಡಿದರೆ ಅವುಗಳಲ್ಲಿ ಬಹುಪಾಲು ಕನ್ನಡದವು. ಆಸ್ಥಾನದಲ್ಲಿ ಕನ್ನಡ ಕೇಳಿಸಿದರೆ ಅದೊಂದು ಅಪರಾಧವಲ್ಲ. ಆ ಕನ್ನಡ ಮೈಸೂರು ನಾಟಕ ಕಂಪೆನಿಯ ಕನ್ನಡದಂತೆ ಕೇಳಿಸುವುದು ಕಿವಿಗೆ ಚುಚ್ಚುತ್ತದೆ ಎಂದರೆ ನಾನೂ ದನಿಗೂಡಿಸುತ್ತೇನೆ.

ಎಲ್ಲಕ್ಕಿಂತ ದೊಡ್ಡ ವ್ಯತ್ಯಾಸ ಉಡುಪಿನಲ್ಲಿದೆ, ಅದನ್ನು ನಿಮ್ಮ ಮನೆಯಲ್ಲಿ ಯಾರೂ ಗಮನಿಸಿದಂತಿಲ್ಲ. ಪ್ರೋಮೋದ ರಾಣಿ ಲೋಹದ ಎದೆಕವಚ ತೊಟ್ಟು, ಮೈತುಂಬ ಚಿನ್ನ ಹಾಕಿಕೊಂಡಿದ್ದಾಳೆ. ಇಟಲಿಯ ಪ್ರವಾಸಿ ಪಿಯೆತ್ರೊ ದೆಲ್ಲಾ ವಲ್ಲೆ 1623ರಲ್ಲಿ ಮಣೇಲಿನಲ್ಲಿ ಉಳ್ಳಾಲದ ರಾಣಿಯನ್ನು ಕಣ್ಣಾರೆ ಕಂಡು ಬರೆದಿಟ್ಟಿದ್ದಾನೆ. ಆಕೆ ಬರಿಗಾಲಿನಲ್ಲಿ ನಡೆದು ಬರುತ್ತಿದ್ದಳು, ತೋಡು ತೋಡಿಸುವ ಕೆಲಸವನ್ನು ನೋಡಲು ಹೋಗಿದ್ದಳು. ಸೊಂಟಕ್ಕೆ ಬಿಳಿಯ ಒರಟು ಹತ್ತಿಬಟ್ಟೆ, ತಲೆಗೆ ಸುತ್ತಿ ಹೆಗಲ ಮೇಲೆ ಇಳಿಬಿಟ್ಟ ಇನ್ನೊಂದು ವಸ್ತ್ರ. ನೋಟಕ್ಕೆ ಅಡುಗೆಮನೆಯ ಕೆಲಸದವಳಂತೆ ಕಾಣುವ ಈಕೆಯಿಂದಲೇ ಸ್ಪೇನಿನ ದೊರೆಯ ಸೈನ್ಯ (ಆಗ ಪೋರ್ಚುಗಲ್ ಕೂಡ ಅವನ ಕೈಯಲ್ಲೇ ಇತ್ತು) ಸೋಲುತ್ತಿದೆಯಲ್ಲ ಎಂದು ಆತ ಬೆರಗಾಗುತ್ತಾನೆ. ಮಾತಾಡಲು ತೊಡಗಿದ ಮೇಲೆ ಆಕೆಯ ದನಿಯ ಸೊಗಸನ್ನೂ ವಿವೇಕವನ್ನೂ ಮೆಚ್ಚುತ್ತಾನೆ. ಆತನ ಮಾತಿನಲ್ಲಿ ಯುರೋಪಿನವನ ಅಹಂಕಾರ ಸಾಕಷ್ಟಿದೆ, ಆದರೂ ಗದ್ದೆಯ ಬದುವಿನಲ್ಲಿ ನಿಂತು ಕೂಲಿಯವರಿಗೆ ಕೆಲಸ ಹೇಳುವ ಆ ರಾಣಿಯನ್ನು ತೋರಿಸುವ ಧೈರ್ಯ ಯಾವ ವಾಹಿನಿಗೆ ಬಂದೀತು? ಕಥಾ ತಂಡದಲ್ಲಿದ್ದಾಗ ಇಂಥದ್ದೇ ಇನ್ನೊಂದು ಪಾತ್ರಕ್ಕೆ ಬರಿ ಹತ್ತಿಸೀರೆ ಸಾಕು ಎಂದು ನಾನು ವಾದಿಸಿ ಸೋತಿದ್ದೇನೆ. ರಾಣಿ ಎಂದರೆ ಹೊಳೆಯಬೇಕು ಎಂಬ ಉತ್ತರ ಬಂತು. ಹಾಗೆಂದು ತಪ್ಪನ್ನೆಲ್ಲ ಅವರ ತಲೆಗೆ ಕಟ್ಟಲೂ ಆಗದು, ಉಳ್ಳಾಲದಲ್ಲಿ ನಾವೇ ನಿಲ್ಲಿಸಿದ ಪ್ರತಿಮೆಯಲ್ಲೂ ಅಬ್ಬಕ್ಕ ಕುದುರೆಯ ಮೇಲೆಯೇ ಇದ್ದಾಳೆ.

ಇನ್ನೊಂದು ತೊಡಕನ್ನೂ ಹೇಳಬೇಕು. ಪೋರ್ಚುಗೀಸರು ಗೋವೆಯನ್ನು ಹಿಡಿದದ್ದು 1510ರಲ್ಲಿ. ಅವರೊಂದಿಗೆ ಉಳ್ಳಾಲದ ಹೋರಾಟ ಎಂದು ನಾವು ಹೇಳುವ ಘಟನೆಗಳು 16ನೇ ಶತಮಾನದ ನಡುವಿನಿಂದ 17ನೇ ಶತಮಾನದ ಮೊದಲ ಭಾಗದವರೆಗೆ ಹರಡಿವೆ. ಇಷ್ಟು ಕಾಲ ಒಬ್ಬಳೇ ಆಳಿರಲಾರಳು, ಅಬ್ಬಕ್ಕ ಎಂಬ ಹೆಸರಿನ ಒಬ್ಬರಿಗಿಂತ ಹೆಚ್ಚು ರಾಣಿಯರಿದ್ದರು ಎಂದು ಅಧ್ಯಯನ ಮಾಡಿದವರು ಹೇಳುತ್ತಾರೆ. ಪ್ರವಾಸಿ ಕಂಡ ಸುಮಾರು ನಲವತ್ತರ ಪ್ರಾಯದ ರಾಣಿ ಮೊದಲ ಯುದ್ಧಗಳ ಅಬ್ಬಕ್ಕ ಆಗಿರಲು ಸಾಧ್ಯವಿಲ್ಲ. ಜನಮನಸ್ಸು ಅವರನ್ನೆಲ್ಲ ಸೇರಿಸಿ ಒಬ್ಬಳನ್ನು ಮಾಡಿದೆ. ಧಾರಾವಾಹಿಯೂ ಅದನ್ನೇ ಮಾಡಿದರೆ ಜನಪದದ ದಾರಿಯನ್ನು ಹಿಡಿಯಿತು ಎನ್ನಬಹುದು. ಹಡಗುಗಳ ಮೇಲೆ ಅಬ್ಬಕ್ಕ ಬಿಟ್ಟಳೆನ್ನುವ ಉರಿಯುವ ಬಾಣಗಳೂ ಹಾಗೆಯೇ ಜನರ ನಾಲಗೆಯ ಮೇಲೆ ಬೆಳೆದು ಬಂದವು. ಕಟೀಲಿನಲ್ಲಿ ಜಾತ್ರೆಯ ಹೊತ್ತಿಗೆ ಉರಿಯುವ ಗರಿಯ ಸೂಡಿಗಳನ್ನು ಒಬ್ಬರ ಮೇಲೊಬ್ಬರು ಎಸೆಯುವ ತೂಟೆದಾರ ನೋಡಿದವರಿಗೆ ಬೆಂಕಿ ಗಾಳಿಯಲ್ಲಿ ಹೇಗೆ ಹಾರುತ್ತದೆ ಎಂಬುದು ಗೊತ್ತು. ಪ್ರೋಮೋದ ಬೆಂಕಿ ಹಾಗೆ ಹಾರುವುದಿಲ್ಲ, ಅಷ್ಟರ ಮಟ್ಟಿಗೆ ಮಗ ಸರಿ.

ಯಕ್ಷಗಾನದ ರಾಜವೇಷದ ಕಿರೀಟವನ್ನು ನೋಡಿ ಇದು ಇತಿಹಾಸವಲ್ಲ ಎಂದು ನಮ್ಮಲ್ಲಿ ಯಾರೂ ದೂರು ಕೊಡುವುದಿಲ್ಲ, ಏಕೆಂದರೆ ರಂಗಸ್ಥಳ ತಾನು ಇತಿಹಾಸವೆಂದು ಹೇಳಿಕೊಳ್ಳುವುದೇ ಇಲ್ಲ. ಟಿವಿ ಹೇಳಿಕೊಳ್ಳುತ್ತದೆ, ಆಮೇಲೆ ಸಣ್ಣ ಅಕ್ಷರದಲ್ಲಿ ಅಲ್ಲಗಳೆಯುತ್ತದೆ. ನಮ್ಮದೇ ರಾಜ್ಯದ ದೊರೆ ಟಿಪ್ಪುವಿನ ಬಗೆಗಿನ ಹಿಂದಿ ಧಾರಾವಾಹಿ ನ್ಯಾಯಾಲಯದವರೆಗೂ ಹೋಗಿ, ಇದು ಕಾಲ್ಪನಿಕ ಎಂಬ ಘೋಷಣೆಯೊಂದಿಗೆ ದೂರದರ್ಶನದಲ್ಲಿ ಪ್ರಸಾರವಾದದ್ದು ನಿಮ್ಮ ತಾಯಿಯವರಿಗೆ ನೆನಪಿರಬಹುದು. ಈಗ ನೀವು ಕಳಿಸಿದ ಪ್ರೋಮೋವನ್ನು ಇನ್ನೊಮ್ಮೆ ಕೇಳಿ ನೋಡಿ: ಅದರಲ್ಲಿ ಅಬ್ಬಕ್ಕ ಎಂಬ ಹೆಸರನ್ನು ಯಾರೂ ಉಚ್ಚರಿಸುವುದಿಲ್ಲ, ಉಳ್ಳಾಲ ಎಂಬ ಊರೂ ಇಲ್ಲ, "ಕಡಲ ತಡಿಯ ಸಿಂಹಿಣಿ" ಎನ್ನುತ್ತಾರೆ, ಬಿಟ್ಟು ಬಿಡುತ್ತಾರೆ. ಹೆಸರನ್ನು ತುಂಬಿದ್ದು ನಿಮ್ಮ ತಾಯಿ. ವಾಹಿನಿಯವರು ಆ ಜಾಗವನ್ನು ಖಾಲಿ ಬಿಟ್ಟದ್ದು ಅಕಸ್ಮಾತ್ತಾಗಿ ಅಲ್ಲ: ನೋಡುವವರು ಅಬ್ಬಕ್ಕ ಎಂದುಕೊಳ್ಳಲಿ, ಕೇಳುವವರು ಬಂದರೆ ನಾವು ಹಾಗೆ ಹೇಳಿಲ್ಲ ಎನ್ನಬಹುದು. ನನಗೆ ಈ ಪ್ರೋಮೋದಲ್ಲಿ ಇಷ್ಟವಾಗದ ಸಂಗತಿ ಇದೊಂದೇ.

ದೂರು ಕೊಡುವ ಬಗ್ಗೆ. ಕೇಬಲ್ ಟಿವಿ ನಿಯಮಗಳಿಗೆ 2021ರಲ್ಲಿ ಆದ ತಿದ್ದುಪಡಿಯ ನಂತರ ಇದಕ್ಕೆ ಸ್ಪಷ್ಟವಾದ ದಾರಿ ಇದೆ. ಮೊದಲು ವಾಹಿನಿಗೇ ಬರೆಯಬೇಕು. ಅವರು 24 ಗಂಟೆಯೊಳಗೆ ಸ್ವೀಕೃತಿ ತಿಳಿಸಿ, 15 ದಿನದೊಳಗೆ ನಿರ್ಧಾರ ಹೇಳಬೇಕು. ಸಮಾಧಾನವಾಗದಿದ್ದರೆ ಮುಂದಿನ 15 ದಿನದೊಳಗೆ ವಾಹಿನಿಗಳ ಸ್ವನಿಯಂತ್ರಣ ಮಂಡಳಿಗೆ, ಅಲ್ಲಿಂದ ಕೇಂದ್ರ ಸರಕಾರದ ಮಟ್ಟಕ್ಕೆ. ಆದರೆ ಹಂಚಿನ ಮಾಡಿಗೆ ಈ ದಾರಿ ಹಿಡಿದರೆ ಭಾವನವರಿಗೆ ಸಿಗುವುದು "ಇದು ಕಾಲ್ಪನಿಕ ಕಥೆ" ಎಂಬ ಒಂದು ಸಾಲಿನ ಉತ್ತರ. ಇತಿಹಾಸದ ತಪ್ಪು ಬೇರೆ, ಅವಹೇಳನ ಬೇರೆ. ನಿಯಮಗಳು ನೋಡುವುದು ಎರಡನೆಯದನ್ನು. ದೈವದ ವೇಷವನ್ನು ಕುಣಿತದ ಅಲಂಕಾರಕ್ಕೆ ಬಳಸಿದ್ದರೆ, ಒಂದು ಸಮುದಾಯವನ್ನು ಹೀನಾಯವಾಗಿ ತೋರಿಸಿದ್ದರೆ, ಕಂತಿನ ದಿನಾಂಕ ಮತ್ತು ಸಮಯ ಹಾಕಿ ಬರೆಯಲಿ. ಉಳಿದ ತಪ್ಪುಗಳಿಗೆ ಸಿಟ್ಟಿಲ್ಲದ ಒಂದು ಪುಟದ ಪತ್ರವನ್ನು ಕಥಾ ತಂಡಕ್ಕೆ ಈಗಲೇ, ಅಂದರೆ ಕಂತುಗಳು ಇನ್ನೂ ತಯಾರಾಗುತ್ತಿರುವಾಗಲೇ ಕಳಿಸುವುದು ಲೇಸು. ನಾನಿದ್ದ ತಂಡಕ್ಕೆ ನಿವೃತ್ತ ಅಧ್ಯಾಪಕರೊಬ್ಬರು ಮದುವೆಯ ಶಾಸ್ತ್ರದ ಬಗ್ಗೆ ಹಾಗೆ ಬರೆದಾಗ ಮುಂದಿನ ಎಂಟು ಕಂತುಗಳನ್ನು ನಾವು ತಿದ್ದಿದ್ದೆವು. ನೂರಾರು ಬೈಗುಳದ ಸಂದೇಶಗಳಿಂದ ಒಂದು ಅಕ್ಷರವೂ ಬದಲಾಗಲಿಲ್ಲ. ಬಹಿಷ್ಕಾರದ ಕರೆಯಂತೂ ಪ್ರೋಮೋಕ್ಕೆ ಪುಕ್ಕಟೆ ಪ್ರಚಾರ.

ಪ್ಯಾಕಿನ ವಿಷಯ ಸುಲಭ: ವರ್ಷದ್ದು ಬೇಡ. 2019ರಿಂದ ವಾಹಿನಿಗಳನ್ನು ಬಿಡಿಯಾಗಿಯೂ ಆಯ್ದುಕೊಳ್ಳಲು ಅವಕಾಶವಿದೆ, ಬೇಕಾದಾಗ ಸೇರಿಸಿ ಬೇಡವಾದಾಗ ತೆಗೆಯಬಹುದು. ಒಂದೇ ವಾಹಿನಿ ಬೇಕಿದ್ದರೆ ಬಿಡಿಯಾಗಿ ಹಾಕಿಸಿ. ಅದೇ ಸಂಸ್ಥೆಯ ಮೂರು ನಾಲ್ಕು ವಾಹಿನಿಗಳನ್ನು ನೋಡುವವರಾದರೆ ಗೊಂಚಲೇ ಅಗ್ಗವಾಗುವುದೂ ಉಂಟು, ಕೇಬಲಿನವರಲ್ಲಿ ಎರಡೂ ದರ ಕೇಳಿ. ಮೊದಲ ವಾರದ ವೈಭವವನ್ನು ನೋಡಿ ನಿರ್ಧರಿಸಬೇಡಿ, ಅದು ಬ್ಯಾಂಕಿನ ದುಡ್ಡು. ನಾಲ್ಕನೆಯ ಐದನೆಯ ವಾರ ಕಥೆ ಹೇಗೆ ನಡೆಯುತ್ತದೆ ಎಂದು ನೋಡಿ ಮುಂದುವರಿಸಿ. ಪ್ರೋಮೋವನ್ನು ಇಷ್ಟು ಲಕ್ಷ ಜನ ನೋಡಿದರು ಎಂಬ ಅಂಕಿಗೂ ಬೆಲೆ ಕೊಡಬೇಡಿ. ಹಣ ಕೊಟ್ಟು ಜಾಹೀರಾತಾಗಿ ತೋರಿಸಿದ ನೋಟಗಳೂ ಅದರಲ್ಲಿ ಸೇರಿರಬಹುದು. ಇನ್ನು, ಮೊದಲ ಕಂತು ಮೊದಲೇ ನೋಡಿ ಎಂದು ಯಾರಾದರೂ ಕಳಿಸುವ ಕೊಂಡಿಯನ್ನು ಒತ್ತಬಾರದು, ಅದು ಹೇಳುವ ಆ್ಯಪನ್ನು ಫೋನಿಗೆ ಹಾಕಿಕೊಳ್ಳಬಾರದು ಎಂದು ತಾಯಿಯವರಿಗೆ ಖಂಡಿತವಾಗಿ ಹೇಳಿ. ಇಂಥ ಉತ್ಸಾಹವನ್ನೇ ಕಾದು ಕೂತ ಕಳ್ಳರಿದ್ದಾರೆ, ಬ್ಯಾಂಕ್ ಖಾತೆ ಬರಿದಾದ ಮೇಲೆ ಅಳುವುದಕ್ಕಿಂತ ಈಗ ಗದರಿಸುವುದು ಮೇಲು.

ತಣ್ಣೀರೆರಚಬೇಕೇ ಎಂದು ಕೇಳಿದ್ದೀರಿ. ಬೇಡ. ನಿಮ್ಮ ತಾಯಿ ಹಿಗ್ಗಿರುವುದು ಪ್ರೋಮೋದ ಕೌಶಲಕ್ಕೆ ಮಾತ್ರ ಅಲ್ಲ. ಕನ್ನಡ ಧಾರಾವಾಹಿಗಳಲ್ಲಿ ಕರಾವಳಿಯವರು ಎಂದರೆ ಎಷ್ಟೋ ವರ್ಷ "ಎಂಥ ಮಾರಾಯ್ರೇ" ಎಂದು ನಗಿಸಲು ಬರುವ ಭಟ್ಟರು, ಇಲ್ಲವೇ ಹೋಟೆಲಿನವರು. ಕಥೆ ಬೆಂಗಳೂರಿನದ್ದು, ಮಾತು ಮೈಸೂರಿನದ್ದು, ನಮ್ಮದು ಹಾಸ್ಯದ ಎರಡು ಸಾಲು. ಹೀಗೆ ಬೇರೆಯವರ ಮನೆಯ ಕಥೆಯನ್ನೇ ಮೂವತ್ತು ವರ್ಷ ನೋಡುತ್ತ ಕೂತ ಹೆಂಗಸಿಗೆ ತನ್ನ ತವರಿನ ಕಡಲು, ತನ್ನೂರಿನ ರಾಣಿ ನಡುಮನೆಯ ಟಿವಿಯಲ್ಲಿ ಬರುತ್ತಾಳೆ ಎಂದರೆ ಫೋನು ಮಾಡಿ ಹೇಳದೆ ಇರುವುದು ಹೇಗೆ? ಈ ಸಂತೋಷ ಧಾರಾವಾಹಿ ಒಳ್ಳೆಯದಾಗಿರಬೇಕು ಎಂಬುದನ್ನು ನೆಚ್ಚಿಕೊಂಡಿಲ್ಲ, ಆದ್ದರಿಂದ ಅದು ಕೆಟ್ಟರೂ ಇದು ಪೂರ್ತಿ ಕೆಡಬೇಕಾಗಿಲ್ಲ.

ನನ್ನ ಸಲಹೆ, ಪ್ರಸಾರ ಶುರುವಾಗುವ ಮೊದಲು ಒಂದು ಭಾನುವಾರ ಮೂವರನ್ನೂ ಕಾರಿನಲ್ಲಿ ಕೂರಿಸಿಕೊಂಡು ಹೊರಡಿ. ಮೂಡುಬಿದಿರೆಯಲ್ಲಿ ಚೌಟರ ಅರಮನೆಯಿದೆ; ಅಲ್ಲಿನ ಮರದ ಕಂಬಗಳಲ್ಲಿ ಕೆತ್ತಿದ ನವನಾರಿಕುಂಜರ, ಪಂಚನಾರಿತುರಗಗಳನ್ನು ಮಗ ನೋಡಲಿ, ಹೆಣ್ಣುಗಳೇ ಸೇರಿ ಆನೆಯೂ ಕುದುರೆಯೂ ಆಗುವ ಆ ಕೆಲಸದ ಮುಂದೆ ಯಾವ ಗ್ರಾಫಿಕ್ಸೂ ನಿಲ್ಲುವುದಿಲ್ಲ. ಅಲ್ಲಿಂದ ಬಂಟ್ವಾಳದ ಬಿ.ಸಿ.ರೋಡಿಗೆ ಬಂದರೆ ಸಂಚಯಗಿರಿಯ ರಾಣಿ ಅಬ್ಬಕ್ಕ ತುಳು ಅಧ್ಯಯನ ಕೇಂದ್ರದಲ್ಲಿ ತುಳುನಾಡಿನ ಹಳೆಯ ಪಾತ್ರೆ ಪಗಡಿ, ಕೃಷಿಯ ಹತ್ಯಾರುಗಳ ಸಂಗ್ರಹವಿದೆ, ಭಾವನವರಿಗೆ ತಪ್ಪು ಹುಡುಕಲು ಬೇಕಾದ ಸಾಮಗ್ರಿಯೆಲ್ಲ ಅಲ್ಲೇ ಸಿಗುತ್ತದೆ. ಸಂಜೆಗೆ ಉಳ್ಳಾಲ. ತಾಯಿಯವರು ತಮ್ಮ ಬಾಲ್ಯದಲ್ಲಿ ಅಬ್ಬಕ್ಕನ ಬಗ್ಗೆ ಅಜ್ಜಿಯಿಂದ ಕೇಳಿದ್ದನ್ನು ಸೋಮನಾಥೇಶ್ವರನ ಗುಡಿಯ ಹತ್ತಿರ ಕಡಲನ್ನು ನೋಡುತ್ತ ಹೇಳಲಿ, ಮಗ ಅದನ್ನು ಫೋನಿನಲ್ಲಿ ದಾಖಲಿಸಿಕೊಳ್ಳಲಿ. ಧಾರಾವಾಹಿಯ ಐದು ವಾರ ಕಳೆದ ಮೇಲೆ ನಿಮ್ಮ ತಾಯಿಯವರಿಗೆ ಏನೆನ್ನಿಸಿತೆಂದು ನನಗೆ ಬರೆಯಿರಿ. ಮಗನಿಗೆ ಏನೆನ್ನಿಸುತ್ತದೆ ಎಂಬುದು ಈಗಲೇ ಗೊತ್ತಿದೆ.